ಶತ್ರು ಕಳುಹಿಸಿದ ಪುಷ್ಪಚಕ್ರ

ಯುದ್ಧದ ಇತಿಹಾಸವನ್ನು ಓದುವವರಿಗೆ ಎರಡು ಅಪಾಯಗಳು ಎದುರಾಗುತ್ತವೆ. ಒಂದು, ಸತ್ತವರನ್ನೆಲ್ಲ ಬರಿಯ ಅಂಕಿಸಂಖ್ಯೆಗಳಾಗಿ ಕಾಣುವುದು. ಇನ್ನೊಂದು, ಹೋರಾಡಿದವರಲ್ಲಿ ಕೆಲವರನ್ನು ಆರಿಸಿ ವೀರಪೀಠದ ಮೇಲೆ ಕೂರಿಸುವುದು. ಮೊದಲನೆಯ ಮಹಾಯುದ್ಧದ ವಿಷಯದಲ್ಲಿ ಈ ಎರಡೂ ನಡೆದಿವೆ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಯಲಿನಲ್ಲಿ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರು. ಅವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ವಿರಳ. ಅದೇ ಬಯಲಿನ ಮೇಲಣ ಆಕಾಶದಲ್ಲಿ ಹಾರಾಡಿ ಮಡಿದ ಕೆಲವು ಯುವಕರ ಹೆಸರುಗಳಾದರೋ ನೂರು ವರ್ಷಗಳ ಮೇಲೂ ಪುಸ್ತಕಗಳಲ್ಲಿ, ಚಲನಚಿತ್ರಗಳಲ್ಲಿ ಉಳಿದುಬಂದಿವೆ.

ಅಂಥ ಹಲವರನ್ನು ಒಂದೆಡೆ ಸೇರಿಸಿದ್ದು ಜರ್ಮನಿಯ ಒಂದು ಪುಟ್ಟ ವಿಮಾನದಳ. ಅದರ ಹೆಸರು 'ಯಾಗ್ಡ್‌ಷ್ಟಾಫೆಲ್ 2'. ಸಂಕ್ಷೇಪವಾಗಿ 'ಯಾಸ್ಟಾ 2'. ಜರ್ಮನ್ ಭಾಷೆಯಲ್ಲಿ 'ಯಾಗ್ಡ್' ಎಂದರೆ ಬೇಟೆ. ಸೇನೆ ಆ ದಳಕ್ಕೆ ಇಟ್ಟ ಹೆಸರು ಬೇಟೆಯ ದಳವೆಂದು. ಆದರೆ ಜನರ ಬಾಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಅದರ ಸದಸ್ಯರು ಬೇಟೆಗಾರರೆನಿಸಲಿಲ್ಲ. ಮಧ್ಯಯುಗದ ಕುದುರೆಯೇರಿದ ವೀರರಂತೆ, ಧರ್ಮಯುದ್ಧ ಮಾಡುವ ಆಕಾಶದ ಯೋಧರೆನಿಸಿದರು. ಈ ಎರಡು ಹೆಸರುಗಳಲ್ಲಿ ಯಾವುದು ನಿಜ? ದಳದ ಕಥೆಯನ್ನು ಮೊದಲಿನಿಂದ ನೋಡಿದರೆ ಉತ್ತರ ಸುಲಭವಲ್ಲವೆಂಬುದು ತಿಳಿಯುತ್ತದೆ.

ಕಣ್ಣಾಗಿದ್ದ ವಿಮಾನ ಕೋವಿಯಾದದ್ದು

1914ರಲ್ಲಿ ಯುದ್ಧ ಆರಂಭವಾದಾಗ ವಿಮಾನವು ಸೇನೆಯ ಕಣ್ಣು ಮಾತ್ರವಾಗಿತ್ತು. ಶತ್ರುವಿನ ಕಂದಕಗಳನ್ನು ನೋಡುವುದು, ಛಾಯಾಚಿತ್ರ ತೆಗೆಯುವುದು, ಫಿರಂಗಿಗಳಿಗೆ ಗುರಿ ತೋರಿಸುವುದು ಅದರ ಕೆಲಸ. ಎದುರಾಳಿಯ ಕಣ್ಣನ್ನು ಕೀಳಬೇಕೆಂಬ ಆಸೆ ಹುಟ್ಟುವುದಕ್ಕೆ ಬಹುಕಾಲ ಬೇಕಾಗಲಿಲ್ಲ. ಆದರೆ ವಿಮಾನದ ಮೂತಿಯಲ್ಲಿ ತಿರುಗುವ ರೆಕ್ಕೆಚಕ್ರವಿರುವಾಗ ನೇರವಾಗಿ ಮುಂದಕ್ಕೆ ಗುಂಡು ಹಾರಿಸುವುದು ಹೇಗೆ? 1915ರ ಬೇಸಗೆಯಲ್ಲಿ ಫೋಕರ್ ಕಾರ್ಖಾನೆಯು ಇದಕ್ಕೆ ಪರಿಹಾರ ಒದಗಿಸಿತು. ರೆಕ್ಕೆಚಕ್ರದ ಅಲಗು ಮೆಷಿನ್‌ಗನ್ನಿನ ಬಾಯಿಯ ಎದುರು ಬಂದ ಕ್ಷಣದಲ್ಲಿ ಗುಂಡು ಹಾರದಂತೆ ತಡೆಯುವ ಯಂತ್ರವ್ಯವಸ್ಥೆ ಅದು. ಅಂದಿನಿಂದ ಚಾಲಕನು ವಿಮಾನವನ್ನು ಎತ್ತ ತಿರುಗಿಸುವನೋ ಅತ್ತಲೇ ಕೋವಿಯೂ ತಿರುಗಿತು. ಇಡೀ ವಿಮಾನವೇ ಆಯುಧವಾಯಿತು.

ಈ ಹೊಸ ಆಯುಧವನ್ನು ಮೊದಲು ಕೈಗೆ ತೆಗೆದುಕೊಂಡವರಲ್ಲಿ ಇಬ್ಬರು ಮುಖ್ಯರು: ಮಾಕ್ಸ್ ಇಮ್ಮೆಲ್‌ಮಾನ್ ಮತ್ತು ಓಸ್ವಾಲ್ಡ್ ಬೋಲ್ಕೆ. ಇಬ್ಬರೂ ಉತ್ತರ ಫ್ರಾನ್ಸಿನ ದುವೇ ಪಟ್ಟಣದ ಬಳಿ ಒಂದೇ ತುಕಡಿಯಲ್ಲಿದ್ದರು. 1916ರ ಜನವರಿ 12ರಂದು, ತಲಾ ಎಂಟು ವಿಮಾನಗಳನ್ನು ಕೆಡವಿದ ಮೇಲೆ, ಪ್ರಷ್ಯದ ಅತ್ಯುನ್ನತ ಸೇನಾ ಪದಕವಾದ 'ಪೂರ್ ಲ ಮೆರಿತ್' ಇಬ್ಬರಿಗೂ ಒಟ್ಟಿಗೆ ದೊರೆಯಿತು. ಅದೇ ವರ್ಷದ ಜೂನ್ 18ರಂದು ಇಮ್ಮೆಲ್‌ಮಾನ್ ಸತ್ತನು. ಜನರ ಕಣ್ಮಣಿಯಾಗಿದ್ದ ಇನ್ನೊಬ್ಬನನ್ನೂ ಕಳೆದುಕೊಳ್ಳಲು ಇಷ್ಟವಿಲ್ಲದ ಚಕ್ರವರ್ತಿ ಬೋಲ್ಕೆಯನ್ನು ರಣರಂಗದಿಂದ ಹಿಂದೆಗೆಸಿ, ಬಾಲ್ಕನ್ ಮತ್ತು ತುರ್ಕಿಯ ಕಡೆಗೆ ಪ್ರವಾಸ ಕಳುಹಿಸಿದನು.

ಈ ಬೋಲ್ಕೆ ಯಾರು? 1891ರ ಮೇ 19ರಂದು ಹಾಲೆ ನಗರದ ಬಳಿ ಹುಟ್ಟಿದವನು, ಶಾಲಾ ಶಿಕ್ಷಕನೊಬ್ಬನ ಮಗ, ಪ್ರೊಟೆಸ್ಟೆಂಟ್ ಮನೆತನದವನು. ಬಾಲ್ಯದಿಂದ ಉಬ್ಬಸದ ತೊಂದರೆಯಿದ್ದರೂ ಈಜು ಮೊದಲಾದ ಸಾಹಸಗಳಲ್ಲಿ ಮುಂದು. 1915ರ ಆಗಸ್ಟ್ 28ರಂದು ದುವೇಯ ಕಾಲುವೆಯೊಂದರಲ್ಲಿ ಫ್ರೆಂಚ್ ಹುಡುಗನೊಬ್ಬ ಬಿದ್ದು ಮುಳುಗುತ್ತಿದ್ದಾಗ, ಬೋಲ್ಕೆ ತೊಟ್ಟ ಬಟ್ಟೆಯಲ್ಲೇ ನೀರಿಗೆ ಧುಮುಕಿ ಅವನನ್ನು ಮೇಲಕ್ಕೆಳೆದನು. ತನ್ನ ಸೇನೆ ಆಕ್ರಮಿಸಿಕೊಂಡಿದ್ದ ನಾಡಿನ ಮಗು ಅದು. ಈ ಕಾರ್ಯಕ್ಕಾಗಿ ಅವನಿಗೆ ಪ್ರಷ್ಯದ ಜೀವರಕ್ಷಕ ಪದಕ ಸಂದಿತು. ಹೀಗೆ ಒಂದೇ ಎದೆಯ ಮೇಲೆ ಕೊಂದುದಕ್ಕಾಗಿ ಬಂದ ಪದಕವೂ ಉಳಿಸಿದುದಕ್ಕಾಗಿ ಬಂದ ಪದಕವೂ ಕೂಡಿಕೊಂಡವು. ಈ ಮನುಷ್ಯನನ್ನು ಅರಿಯಲು ಎರಡನ್ನೂ ಒಟ್ಟಿಗೆ ನೋಡಬೇಕು.

ಒಬ್ಬ ಗುರು, ಎಂಟು ನಿಯಮಗಳು

ಸೋಮ್ ಕದನದ ಆರಂಭದಲ್ಲಿ ಆಕಾಶ ಬ್ರಿಟಿಷರ ಮತ್ತು ಫ್ರೆಂಚರ ವಶದಲ್ಲಿತ್ತು. ಜರ್ಮನ್ ಕಂದಕಗಳ ಮೇಲೆ ಅವರ ವಿಮಾನಗಳು ಅಡೆತಡೆಯಿಲ್ಲದೆ ಸುತ್ತುತ್ತಿದ್ದವು. ಆಗ ಜರ್ಮನ್ ಸೇನೆಯು ಹೋರಾಟಕ್ಕೆಂದೇ ಪ್ರತ್ಯೇಕ ದಳಗಳನ್ನು ಕಟ್ಟತೊಡಗಿತು. 1916ರ ಆಗಸ್ಟ್ 10ರಂದು ಯಾಸ್ಟಾ 2 ಸ್ಥಾಪನೆಯಾಯಿತು. ಅದರ ನಾಯಕತ್ವಕ್ಕೆ ಬೋಲ್ಕೆಯನ್ನು ಮರಳಿ ಕರೆಸಲಾಯಿತು. ತನ್ನ ಶಿಷ್ಯರನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಅವನಿಗಿತ್ತು. ಪೂರ್ವ ರಣರಂಗದ ಕೋವೆಲ್‌ನಲ್ಲಿ ತನ್ನ ಅಣ್ಣನಿದ್ದ ತುಕಡಿಗೆ ಹೋದಾಗ ಅವನು ಇಬ್ಬರನ್ನು ಆರಿಸಿದನು. ಒಬ್ಬನು 24 ವರ್ಷದ ಮಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್, ಅಶ್ವದಳದಿಂದ ಬಂದ ಶ್ರೀಮಂತ ಮನೆತನದ ಬೇಟೆಪ್ರಿಯ. ಇನ್ನೊಬ್ಬನು 37 ವರ್ಷದ ಎರ್ವಿನ್ ಬೋಮೆ, ಆಫ್ರಿಕಾದ ಉಸಂಬಾರ ಬೆಟ್ಟಗಳಲ್ಲಿ ತಂತಿಮಾರ್ಗ ಕಟ್ಟಿದ ಎಂಜಿನಿಯರ್. ಮೊದಲನೆಯವನ ಹೆಸರು ಜಗತ್ತಿಗೆಲ್ಲ ಗೊತ್ತು. ಆದರೆ ಈ ಕಥೆಯ ಭಾರವನ್ನು ಹೊತ್ತವನು ಎರಡನೆಯವನು.

ದಳದ ಮೊದಲ ನೆಲೆ ಬೆರ್ತಾಂಕೂರ್ ಎಂಬ ಹಳ್ಳಿ. ಮೊದಲ ದಿನಗಳಲ್ಲಿ ಚಾಲಕರಿದ್ದರು, ವಿಮಾನಗಳಿರಲಿಲ್ಲ. ಸೆಪ್ಟೆಂಬರ್ 1ರಂದು ಮೂರು ವಿಮಾನಗಳಷ್ಟೇ ಬಂದವು. ಮುಂಜಾನೆ ಬೋಲ್ಕೆ ಒಬ್ಬನೇ ಹಾರಿಹೋಗುವನು. ಹಿಂದಿರುಗಿದಾಗ ಅವನ ಮುಖಕ್ಕೆ ಮದ್ದಿನ ಹೊಗೆಯ ಮಸಿ ಮೆತ್ತಿದೆಯೇ ಎಂದು ಶಿಷ್ಯರು ನೋಡುವರು. ಮೆತ್ತಿದ್ದರೆ ಒಂದು ವಿಮಾನ ಬಿದ್ದಿದೆಯೆಂದು ಅರ್ಥ. ಸೆಪ್ಟೆಂಬರ್ 2ರಂದು ಅವನು ಕೆಡವಿದ ಬ್ರಿಟಿಷ್ ವಿಮಾನದ ಚಾಲಕ ಕ್ಯಾಪ್ಟನ್ ರಾಬರ್ಟ್ ವಿಲ್ಸನ್ ಬದುಕುಳಿದು ಸೆರೆಯಾದನು. ಬೋಲ್ಕೆ ಅವನನ್ನು ತನ್ನ ನೆಲೆಗೆ ಕರೆದೊಯ್ದು, ಕಾಫಿ ಕೊಟ್ಟು, ತನ್ನ ವಿಮಾನಗಳನ್ನು ತೋರಿಸಿ, ಬಳಿಕ ಸೆರೆಶಿಬಿರಕ್ಕೆ ಬೀಳ್ಕೊಟ್ಟನು.

ಉಳಿದ ವೇಳೆಯೆಲ್ಲ ಪಾಠಕ್ಕೆ ಮೀಸಲು. ಶಿಕ್ಷಕನ ಮಗ ತಾನೂ ಶಿಕ್ಷಕನೇ ಆದನು. ಅವನು ರೂಪಿಸಿದ ಎಂಟು ನಿಯಮಗಳು 'ಬೋಲ್ಕೆಯ ಸೂತ್ರಗಳು' ಎಂದು ಹೆಸರಾದವು. ಅವುಗಳ ಸಾರ ಇಷ್ಟು. ಆಕ್ರಮಣಕ್ಕೆ ಮುನ್ನ ಮೇಲುಗೈ ಪಡೆದುಕೋ, ಸಾಧ್ಯವಾದರೆ ಸೂರ್ಯನನ್ನು ಬೆನ್ನಿಗಿಟ್ಟುಕೋ. ಆರಂಭಿಸಿದ ಆಕ್ರಮಣವನ್ನು ಕೈಬಿಡಬೇಡ. ಬಹು ಸಮೀಪಕ್ಕೆ ಬಂದ ಮೇಲಷ್ಟೇ ಗುಂಡು ಹಾರಿಸು. ಎದುರಾಳಿಯ ಮೇಲಿನ ಕಣ್ಣನ್ನು ಕದಲಿಸಬೇಡ, ಅವನ ತಂತ್ರಗಳಿಗೆ ಮೋಸಹೋಗಬೇಡ. ಹಿಂದಿನಿಂದ ಎರಗು. ನಿನ್ನ ಮೇಲೆ ಎರಗಿದವನಿಂದ ಓಡದೆ ಅವನಿಗೆ ಎದುರಾಗು. ಶತ್ರುವಿನ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ಮರೆಯಬೇಡ. ಎಂಟನೆಯದು ಇಡೀ ದಳಕ್ಕೆ: ನಾಲ್ಕು ಅಥವಾ ಆರು ಜನರ ಗುಂಪಾಗಿ ಹೋಗಿರಿ; ಕಾಳಗವು ಬಿಡಿಬಿಡಿಯಾಗಿ ಒಡೆದಾಗ ಹಲವರು ಒಬ್ಬನೇ ಎದುರಾಳಿಯ ಬೆನ್ನು ಹತ್ತದಂತೆ ಎಚ್ಚರವಹಿಸಿರಿ.

ಇವು ಧರ್ಮಯುದ್ಧದ ನಿಯಮಗಳಲ್ಲ ಎಂಬುದನ್ನು ಗಮನಿಸಬೇಕು. ಹಿಂದಿನಿಂದ, ಸೂರ್ಯನ ಮರೆಯಿಂದ, ಕಾಣಿಸಿಕೊಳ್ಳದೆ ಎರಗುವುದು ಬೇಟೆಯ ವಿಧಾನ. ಬೋಲ್ಕೆ ಇದನ್ನು ಮುಚ್ಚಿಡಲಿಲ್ಲ. ತನ್ನವರ ಜೀವ ಉಳಿಯಬೇಕು, ಶತ್ರುವಿನ ವಿಮಾನ ಬೀಳಬೇಕು. ಅವನ ಪಾಠದ ಗುರಿ ಅಷ್ಟೇ. ಆದರೂ ಒಂಟಿ ವೀರರ ಕಾಲಕ್ಕೆ ಆ ಎಂಟನೆಯ ನಿಯಮವೇ ಕೊನೆ ಹಾಡಿತು. ಒಬ್ಬನ ಕೀರ್ತಿಗಿಂತ ದಳದ ಗೆಲುವು ದೊಡ್ಡದು, ಒಬ್ಬನು ಇನ್ನೊಬ್ಬನ ಬೆನ್ನು ಕಾಯಬೇಕು ಎಂಬ ತತ್ತ್ವ ಅದರಲ್ಲಿತ್ತು.

ಒಂದು ಶಿಲೆ, ಒಂದು ಬೆಳ್ಳಿಯ ಬಟ್ಟಲು

ಸೆಪ್ಟೆಂಬರ್ 16ರಂದು ಹೊಸ ಆಲ್ಬಟ್ರಾಸ್ ವಿಮಾನಗಳು ಬಂದವು. ಎದುರಾಳಿಗಳ ಬಹುತೇಕ ವಿಮಾನಗಳಿಗಿಂತ ವೇಗವಾಗಿದ್ದ ಅವುಗಳಲ್ಲಿ ಎರಡೆರಡು ಮೆಷಿನ್‌ಗನ್‌ಗಳಿದ್ದವು. ಮರುದಿನವೇ ಬೋಲ್ಕೆ ತನ್ನ ಶಿಷ್ಯರನ್ನು ಕರೆದುಕೊಂಡು ಹೊರಟನು. ಮಾರ್ಕ್ವಾಂ ರೈಲುನಿಲ್ದಾಣದ ಮೇಲೆ ಬಾಂಬು ಹಾಕಲು ಬಂದಿದ್ದ ಬ್ರಿಟಿಷ್ ವಿಮಾನಗಳು ಎದುರಾದವು. ಅಂದು ರಿಕ್ಟ್‌ಹೋಫೆನ್ ತನ್ನ ಮೊದಲ ವಿಮಾನವನ್ನು ಕೆಡವಿದನು. ಅದರಲ್ಲಿದ್ದವರು 19 ವರ್ಷದ ಚಾಲಕ ಲಯೋನೆಲ್ ಮಾರಿಸ್ ಮತ್ತು 21 ವರ್ಷದ ವೀಕ್ಷಕ ಟಾಮ್ ರೀಸ್. ಇಬ್ಬರೂ ಉಳಿಯಲಿಲ್ಲ.

ಆ ಬಳಿಕ ರಿಕ್ಟ್‌ಹೋಫೆನ್ ಎರಡು ಕೆಲಸಗಳನ್ನು ಮಾಡಿದನು. ಸತ್ತ ಶತ್ರುವಿನ ಸಮಾಧಿಗೆ ಗೌರವಾರ್ಥವಾಗಿ ಒಂದು ಶಿಲೆಯನ್ನಿರಿಸಿದುದಾಗಿ ಆತನೇ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಜೊತೆಗೆ ಬರ್ಲಿನ್ನಿನ ಆಭರಣ ವ್ಯಾಪಾರಿಗೆ ಬರೆದು, ಗೆಲುವಿನ ನೆನಪಿಗೆಂದು ಪುಟ್ಟ ಬೆಳ್ಳಿಯ ಬಟ್ಟಲೊಂದನ್ನು ಮಾಡಿಸಿಕೊಂಡನು. ಅನಂತರ ಪ್ರತಿ ವಿಮಾನಕ್ಕೊಂದರಂತೆ ಬಟ್ಟಲುಗಳು ಬಂದವು. ಯುದ್ಧದ ಅಭಾವದಿಂದ ಬೆಳ್ಳಿ ಸಿಗದಂತಾದಾಗ ಅವುಗಳ ಸಂಖ್ಯೆ 60ಕ್ಕೆ ನಿಂತಿತು. ಶಿಲೆ ಸತ್ತವನಿಗೆ, ಬಟ್ಟಲು ಕೊಂದವನಿಗೆ. ಒಂದೇ ಮನಸ್ಸು ಎರಡನ್ನೂ ಪ್ರಾಮಾಣಿಕವಾಗಿ ಬಯಸಬಲ್ಲದು. ಯುದ್ಧವು ಮನುಷ್ಯನಿಗೆ ಮಾಡುವ ಅನೇಕ ಹಾನಿಗಳಲ್ಲಿ ಈ ಒಡಕೂ ಒಂದು.

ಅಕ್ಟೋಬರ್ 28

ಸೆಪ್ಟೆಂಬರ್ ಕೊನೆಗೆ ಬ್ರಿಟಿಷ್ ಫಿರಂಗಿಗಳ ಹೊಡೆತಕ್ಕೆ ಸಿಕ್ಕಿದ ದಳವು ಹಿಂದಕ್ಕೆ, ಲಾನ್ಯಿಕೂರ್‌ಗೆ ಸ್ಥಳಾಂತರಗೊಂಡಿತು. ಎರಡು ತಿಂಗಳು ತುಂಬುವ ಮೊದಲೇ ಬೋಲ್ಕೆ ಒಬ್ಬನೇ 21 ವಿಮಾನಗಳನ್ನು ಕೆಡವಿ, ಅಕ್ಟೋಬರ್ 26ಕ್ಕೆ ಒಟ್ಟು 40ರ ಸಂಖ್ಯೆ ಮುಟ್ಟಿದ್ದನು. ಅಂದಿನವರೆಗೆ ಯಾವ ದೇಶದ ಚಾಲಕನೂ ಆ ಸಂಖ್ಯೆಯನ್ನು ತಲುಪಿರಲಿಲ್ಲ.

ಎರಡು ದಿನಗಳ ನಂತರ, ಅಕ್ಟೋಬರ್ 28ರ ಮಧ್ಯಾಹ್ನ, ಬೋಲ್ಕೆ ಆ ದಿನದ ಆರನೆಯ ಹಾರಾಟಕ್ಕೆ ಹೊರಟನು. ಬೋಮೆ ಮತ್ತು ರಿಕ್ಟ್‌ಹೋಫೆನ್ ಜೊತೆಗಿದ್ದರು. ಬ್ರಿಟಿಷರ 24ನೆಯ ದಳದ ಎರಡು ವಿಮಾನಗಳು ಕಂಡವು. ಒಂದರಲ್ಲಿ ಆರ್ಥರ್ ನೈಟ್, ಇನ್ನೊಂದರಲ್ಲಿ ಆಲ್ಫ್ರೆಡ್ ಮೆಕೇ. ಬೋಲ್ಕೆ ಮತ್ತು ಬೋಮೆ ಇಬ್ಬರೂ ಒಬ್ಬನೇ ಎದುರಾಳಿಯ ಬೆನ್ನು ಹತ್ತಿದರು. ಗುರು ತಾನೇ ಬರೆದ ಎಂಟನೆಯ ನಿಯಮ ಯಾವುದನ್ನು ಬೇಡವೆಂದಿತ್ತೋ ಅದೇ ಅಂದು ನಡೆದುಹೋಯಿತು. ಆ ಹೊತ್ತಿಗೆ ರಿಕ್ಟ್‌ಹೋಫೆನ್ ಅಟ್ಟಿಸಿಕೊಂಡು ಬರುತ್ತಿದ್ದ ಇನ್ನೊಂದು ವಿಮಾನ ಅವರ ಮುಂದೆ ಅಡ್ಡಹಾಯಿತು. ಅದನ್ನು ತಪ್ಪಿಸಲು ಇಬ್ಬರೂ ತಿರುಗಿದರು. ತಮ್ಮದೇ ವಿಮಾನದ ರೆಕ್ಕೆಗಳ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಬೋಮೆಯ ವಿಮಾನದ ಚಕ್ರದ ಭಾಗ ಬೋಲ್ಕೆಯ ವಿಮಾನದ ಮೇಲಿನ ರೆಕ್ಕೆಗೆ ತಗುಲಿತು. ತಗುಲಿದ್ದು ಹಗುರವಾಗಿಯೇ, ಆದರೆ ಅಷ್ಟೇ ಸಾಕಾಯಿತು. ರೆಕ್ಕೆ ಮುರಿಯಿತು. ಅಂದಿನ ವಿಮಾನಚಾಲಕರಿಗೆ ಪ್ಯಾರಾಚೂಟ್ ಇರಲಿಲ್ಲ. ಬೋಲ್ಕೆ ಶಿರಸ್ತ್ರಾಣ ಧರಿಸಿರಲಿಲ್ಲ, ಆಸನದ ಪಟ್ಟಿಯನ್ನು ಬಿಗಿದಿರಲಿಲ್ಲ. ಹಾಗಿದ್ದಿದ್ದರೆ ಬದುಕುಳಿಯುತ್ತಿದ್ದನೇನೋ ಎಂದು ಬೋಮೆ ಅನಂತರ ಬರೆದನು. ಅವನಿಗಿನ್ನೂ 25 ವರ್ಷ.

ಫೆನೆಲೋನನ ಸಮಾಧಿಯ ಬಳಿ

ಅಕ್ಟೋಬರ್ 31ರಂದು ಬೋಲ್ಕೆಯ ಶವಪೆಟ್ಟಿಗೆಯನ್ನು ಕಾಂಬ್ರೆ ನಗರದ ಕಥೋಲಿಕ ಪ್ರಧಾನಾಲಯದಲ್ಲಿರಿಸಿ ಅಂತಿಮ ಗೌರವ ಸಲ್ಲಿಸಲಾಯಿತು. ಸತ್ತವನು ಪ್ರೊಟೆಸ್ಟೆಂಟ್; ದೇವಾಲಯ ಕಥೋಲಿಕರದು; ನಗರ ಫ್ರೆಂಚರದು, ಎರಡು ವರ್ಷಗಳಿಂದ ಜರ್ಮನರ ಆಕ್ರಮಣದಲ್ಲಿತ್ತು. ಆ ಪ್ರಧಾನಾಲಯದಲ್ಲಿಯೇ ಮಹಾಧರ್ಮಾಧ್ಯಕ್ಷ ಫೆನೆಲೋನನ ಸಮಾಧಿಯಿದೆ. 18ನೆಯ ಶತಮಾನದ ಆರಂಭದಲ್ಲಿ, ಹದಿನಾಲ್ಕನೆಯ ಲೂಯಿಯ ಯುದ್ಧಗಳು ಆ ಸೀಮೆಯನ್ನು ಸುಡುತ್ತಿದ್ದಾಗ, ಫೆನೆಲೋನನು ತನ್ನ ನಿವಾಸದ ಬಾಗಿಲು ತೆರೆದು ಗಾಯಾಳುಗಳಿಗೂ ನಿರಾಶ್ರಿತರಿಗೂ ಆಶ್ರಯ ನೀಡಿದನು. ಶತ್ರುಸೇನೆಯ ನಾಯಕರು ಕೂಡ ಅವನ ಮೇಲಿನ ಗೌರವದಿಂದ ಅವನ ಹೊಲಗದ್ದೆಗಳಿಗೆ ಕೈಯಿಕ್ಕಲಿಲ್ಲ. ತನ್ನ ಅರಸನ ಯುದ್ಧದಾಹವನ್ನು ಖಂಡಿಸಿ ಬರೆಯುವ ಎದೆಗಾರಿಕೆಯೂ ಅವನಿಗಿತ್ತು. ಶತ್ರುವಿನ ಗೌರವವನ್ನು ಗಳಿಸಿದ ಇಬ್ಬರು, ಇನ್ನೂರು ವರ್ಷಗಳ ಅಂತರದಲ್ಲಿ, ಒಂದೇ ಸೂರಿನ ಕೆಳಗೆ ಸೇರಿದಂತಾಯಿತು. ಒಬ್ಬನು ಅದನ್ನು ಗಾಯಗಳನ್ನು ಕಟ್ಟಿ ಗಳಿಸಿದನು. ಇನ್ನೊಬ್ಬನು ಹೋರಾಟದ ನಡುವೆ ಸೌಜನ್ಯವನ್ನು ಕಳೆದುಕೊಳ್ಳದೆ ಗಳಿಸಿದನು.

ಬೋಲ್ಕೆಗೆ ಶತ್ರುವಿನ ಗೌರವ ನಿಜವಾಗಿಯೂ ದೊರೆಯಿತು. ಬ್ರಿಟಿಷ್ ವಿಮಾನವೊಂದು ಜರ್ಮನ್ ಸಾಲಿನ ಮೇಲೆ ಹಾರಿಬಂದು ಪುಷ್ಪಚಕ್ರವೊಂದನ್ನು ಕೆಳಗೆ ಬಿಟ್ಟಿತು. ಧೀರನೂ ಉದಾರಗುಣದವನೂ ಆದ ಎದುರಾಳಿಯ ಸ್ಮರಣೆಗೆ ಎಂಬ ಅರ್ಥದ ಮಾತು ಅದರೊಡನಿತ್ತು. ಒಸ್ನಾಬ್ರ್ಯೂಕ್ ಸೆರೆಶಿಬಿರದಿಂದ ಇನ್ನೊಂದು ಪುಷ್ಪಚಕ್ರ ಬಂದಿತು. ಕಳುಹಿಸಿದ ಸೆರೆಯಾಳುಗಳಲ್ಲಿ ಕ್ಯಾಪ್ಟನ್ ವಿಲ್ಸನ್ ಒಬ್ಬನು. ಎಂಟು ವಾರಗಳ ಹಿಂದೆ ಕುಡಿದ ಕಾಫಿಯ ಋಣವನ್ನು ಅವನು ಹೀಗೆ ತೀರಿಸಿದನು.

ಬೋಮೆಯ ಹದಿಮೂರು ತಿಂಗಳು

ಬೋಲ್ಕೆಯ ದೇಹವನ್ನು ಡೆಸ್ಸೌ ನಗರಕ್ಕೆ ಒಯ್ದು ಮಣ್ಣು ಮಾಡಲಾಯಿತು. ಆದರೆ ಬದುಕುಳಿದ ಬೋಮೆಯ ಪಾಡೇನು? ಹಾನಿಗೊಂಡ ವಿಮಾನವನ್ನು ಹೇಗೋ ಇಳಿಸಿದ ಅವನಿಗೆ ತಾನೇಕೆ ಉಳಿದೆನೆಂಬ ಪ್ರಶ್ನೆ ಬಿಡಲಿಲ್ಲ. ವಿಚಾರಣೆಯು ಅವನದು ತಪ್ಪಲ್ಲವೆಂದು ತೀರ್ಮಾನಿಸಿತು. ಆದರೆ ವಿಚಾರಣಾ ಮಂಡಳಿಯ ತೀರ್ಮಾನ ಮನಸ್ಸನ್ನು ಮುಟ್ಟುವುದಿಲ್ಲ. ತಾನು ಪ್ರೀತಿಸುತ್ತಿದ್ದ ಅನ್ನಮರೀ ಎಂಬ ಯುವತಿಗೆ ಬರೆದ ಪತ್ರಗಳಲ್ಲಿ ಅವನು ಆ ಕ್ಷಣಕ್ಕೆ ಮತ್ತೆ ಮತ್ತೆ ಮರಳುತ್ತಾನೆ. ಬೋಲ್ಕೆಯ ತಂದೆತಾಯಿಯರನ್ನು ಅವನು ಭೇಟಿಯಾದನು. ಮಗನನ್ನು ಕಳೆದುಕೊಂಡ ಆ ದಂಪತಿಗಳು ಅವನನ್ನು ದೂಷಿಸಲಿಲ್ಲ. ಅವನ ದುಃಖವನ್ನೂ ತಮ್ಮ ದುಃಖದೊಡನೆ ಸೇರಿಸಿಕೊಂಡರು. ಈ ಇಡೀ ಕಥೆಯಲ್ಲಿ ಪದಕ ಸಿಗದ, ಆದರೆ ಎಲ್ಲಕ್ಕಿಂತ ದೊಡ್ಡದಾದ ಧೈರ್ಯ ಇದೇ ಎಂದು ನನಗನಿಸುತ್ತದೆ.

1916ರ ಡಿಸೆಂಬರ್ 17ರಂದು ಚಕ್ರವರ್ತಿಯ ಆಜ್ಞೆಯಂತೆ ದಳಕ್ಕೆ 'ಯಾಸ್ಟಾ ಬೋಲ್ಕೆ' ಎಂಬ ಹೆಸರು ಬಂತು. 1917ರ ಆಗಸ್ಟಿನಲ್ಲಿ ಅದರ ನಾಯಕತ್ವ ಬೋಮೆಯ ಪಾಲಿಗೆ ಬಂದಿತು. ಯಾರ ಸಾವಿಗೆ ತನ್ನ ವಿಮಾನ ಕಾರಣವಾಗಿತ್ತೋ ಅವನ ಹೆಸರನ್ನು ಹೊತ್ತ ದಳಕ್ಕೆ ಅವನೇ ನಾಯಕ. ನವೆಂಬರ್ 24ರಂದು ಅವನಿಗೂ 'ಪೂರ್ ಲ ಮೆರಿತ್' ಘೋಷಣೆಯಾಯಿತು. ಐದು ದಿನಗಳ ಮೇಲೆ, 29ರಂದು, ಬೆಲ್ಜಿಯಮಿನ ಝೊನ್ನೆಬೆಕೆಯ ಆಕಾಶದಲ್ಲಿ ಅವನು ಸತ್ತನು. ಪದಕದ ಪೆಟ್ಟಿಗೆ ಅವನ ಮೇಜಿನ ಮೇಲೆ ತೆರೆಯದೆ ಉಳಿದಿತ್ತು.

ಆ ಅಕ್ಟೋಬರ್ ಮಧ್ಯಾಹ್ನದ ಕಾಳಗದಲ್ಲಿ ಹೆಣೆದುಕೊಂಡಿದ್ದ ಐವರ ಹೆಸರುಗಳನ್ನು ಒಟ್ಟಿಗೆ ಬರೆದಿಡೋಣ. ಬೋಲ್ಕೆ ಅಂದೇ ಸತ್ತನು. ನೈಟ್ 1916ರ ಡಿಸೆಂಬರ್ 20ರಂದು ರಿಕ್ಟ್‌ಹೋಫೆನನ ಗುಂಡಿಗೆ ಬಲಿಯಾದನು. ಬೋಮೆ 1917ರ ನವೆಂಬರ್ 29ರಂದು. ಮೆಕೇ 1917ರ ಡಿಸೆಂಬರ್ 28ರಂದು. ರಿಕ್ಟ್‌ಹೋಫೆನ್ 80 ವಿಮಾನಗಳನ್ನು ಕೆಡವಿದ ಬಳಿಕ 1918ರ ಏಪ್ರಿಲ್ 21ರಂದು. ಇತ್ತ ಇಬ್ಬರು, ಅತ್ತ ಇಬ್ಬರು, ನಡುವೆ ಗುರು. ಹದಿನೆಂಟು ತಿಂಗಳೊಳಗೆ ಐವರೂ ಇಲ್ಲವಾದರು. ಕದನವಿರಾಮವನ್ನು ಕಂಡವರು ಅವರಲ್ಲಿ ಒಬ್ಬರೂ ಇಲ್ಲ.

ಹೆಸರಿನ ಮುಂದಿನ ಪಯಣ

ದಳದ ಉಳಿದ ಕಥೆಯನ್ನು ಬೇಗನೆ ಹೇಳಿಬಿಡಬಹುದು. ಬೋಲ್ಕೆಯ ನಂತರ ನಾಯಕನಾದ ಕಿರ್‌ಮೈಯರ್ ಒಂದು ತಿಂಗಳೂ ತುಂಬದೆ, ನವೆಂಬರ್ 22ರಂದು ಸತ್ತನು. ಬೋಮೆಯ ನಂತರ ಬಂದ ನಾಯಕರಲ್ಲಿ ಒಬ್ಬನಾದ ಮಾಕ್ಸ್ ಮ್ಯುಲರ್ 1918ರ ಜನವರಿ 9ರಂದು ಉರಿಯುವ ವಿಮಾನದಿಂದ ಕೆಳಗೆ ಹಾರಿ ಪ್ರಾಣಬಿಟ್ಟನು. ಗುರುವಿನ ಪಾಠವನ್ನು ರಿಕ್ಟ್‌ಹೋಫೆನ್ ತನ್ನದೇ ಆದ ಯಾಸ್ಟಾ 11ಕ್ಕೆ ಕೊಂಡೊಯ್ದನು. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ ಬ್ರಿಟಿಷರು 245 ವಿಮಾನಗಳನ್ನು ಕಳೆದುಕೊಂಡು ಅದನ್ನು 'ರಕ್ತಸಿಕ್ತ ಏಪ್ರಿಲ್' ಎಂದು ಕರೆದರು. ಯುದ್ಧ ಮುಗಿಯುವಷ್ಟರಲ್ಲಿ ಯಾಸ್ಟಾ ಬೋಲ್ಕೆಯ ಲೆಕ್ಕದಲ್ಲಿ 300ಕ್ಕೂ ಹೆಚ್ಚು ವಿಮಾನಗಳಿದ್ದವು. ಕೊನೆಯ ನಾಯಕ ಕಾರ್ಲ್ ಬೋಲೆ ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಓದಿದ್ದವನು. ಸಹಪಾಠಿಗಳಾಗಿದ್ದವರ ದೇಶದ ಯುವಕರನ್ನೇ ಅವನು ಎದುರಿಸಬೇಕಾಯಿತು. 1918ರ ನವೆಂಬರಿನ ಕದನವಿರಾಮದ ಕರಾರಿನಂತೆ ಜರ್ಮನಿಯು 1,700 ವಿಮಾನಗಳನ್ನು ಒಪ್ಪಿಸಬೇಕಾಯಿತು.

ದಳ ಚದುರಿತು, ಹೆಸರು ಚದುರಲಿಲ್ಲ. 1930ರ ದಶಕದಲ್ಲಿ ಹಿಟ್ಲರನ ಆಡಳಿತವು ಹೊಸ ವಾಯುಸೇನೆಯನ್ನು ಕಟ್ಟಿದಾಗ ಬಾಂಬುದಾಳಿಯ 27ನೆಯ ತುಕಡಿಗೆ ಬೋಲ್ಕೆಯ ಹೆಸರನ್ನಿಟ್ಟಿತು. ಕಾಲುವೆಗೆ ಧುಮುಕಿ ಶತ್ರುದೇಶದ ಮಗುವನ್ನು ಉಳಿಸಿದವನ ಹೆಸರು ಹೊತ್ತ ಆ ತುಕಡಿ ಬ್ರಿಟನ್ನಿನ ನಗರಗಳ ಮೇಲೆ, ಮಲಗಿದ್ದ ಮಕ್ಕಳ ಮೇಲೆ ಬಾಂಬು ಸುರಿಯಿತು. 1945ರ ಮಾರ್ಚ್ 7ರಂದು ಬ್ರಿಟಿಷ್ ಬಾಂಬುಗಳು ಬೋಲ್ಕೆಯ ಊರಾದ ಡೆಸ್ಸೌವನ್ನು ಸುಟ್ಟವು. ಇಂದಿನ ಪ್ರಜಾಪ್ರಭುತ್ವದ ಜರ್ಮನಿಯಲ್ಲಿಯೂ ನೋರ್ವೆನಿಕ್ ನೆಲೆಯ 31ನೆಯ ವಾಯುತುಕಡಿ ಅದೇ ಹೆಸರನ್ನು ಹೊತ್ತಿದೆ. ಈಗ ಅದು ಬ್ರಿಟಿಷರ ಮಿತ್ರಸೇನೆ.

ಹಾಗಾದರೆ ಆ ಪುಷ್ಪಚಕ್ರಕ್ಕೆ ಬೆಲೆಯಿಲ್ಲವೇ? ಇದೆ. ಶತ್ರುವೂ ಮನುಷ್ಯನೆಂಬ ಅರಿವು ಅಷ್ಟು ಕ್ರೌರ್ಯದ ನಡುವೆಯೂ ಆರಿಹೋಗಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದನ್ನು ಬರಿಯ ನಾಟಕವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಅದನ್ನು ಕಂಡು ಯುದ್ಧವೇ ಸುಂದರವೆಂದು ಭ್ರಮಿಸುವುದು ಇನ್ನೂ ದೊಡ್ಡ ಅನ್ಯಾಯ. ಪುಷ್ಪಚಕ್ರವನ್ನು ತಂದ ವಿಮಾನಗಳ ಬಳಗವೇ ಮರುದಿನ ಬಾಂಬುಗಳನ್ನೂ ತಂದಿತು. ಗೌರವವು ಸಾವಿನ ಬಳಿಕ ಬಂದಿತೇ ಹೊರತು ಸಾವನ್ನು ತಡೆಯಲಿಲ್ಲ. ಸತ್ತ ಶತ್ರುವನ್ನು ಗೌರವಿಸುವುದು ಕಷ್ಟವಲ್ಲ, ಅವನಿಂದ ಇನ್ನು ಭಯವಿಲ್ಲ. ಬದುಕಿರುವ ಶತ್ರುವಿಗೆ ಕಾಫಿ ಕೊಡುವುದು ಅದಕ್ಕಿಂತ ಕಷ್ಟ. ಮಗನ ಸಾವಿಗೆ ಕಾರಣನಾದವನನ್ನು ಮನೆಯವನಂತೆ ಬರಮಾಡಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ.

ಇತಿಹಾಸ ಈ ಮೂರನ್ನೂ ನಮ್ಮ ಮುಂದಿರಿಸಿದೆ. ಸ್ಮಾರಕಗಳು ಮೊದಲನೆಯದನ್ನು ಮಾತ್ರ ಕೆತ್ತಿಟ್ಟವು, ವಿಲ್ಸನ್ ಎರಡನೆಯದನ್ನು ನೆನಪಿಟ್ಟನು, ಮೂರನೆಯದು ಬೋಮೆಯ ಪತ್ರಗಳ ಕೆಲವು ಸಾಲುಗಳಲ್ಲಿ ಅಡಗಿ ಉಳಿಯಿತು. ವಿಮಾನದಳಗಳಿಗೆ ಹೆಸರಿಡುವ ಸೇನೆಗಳು ಎಂದೂ ಡೆಸ್ಸೌವಿನ ಆ ತಂದೆತಾಯಿಯರ ಹೆಸರನ್ನು ಇಟ್ಟುಕೊಳ್ಳಲಾರವು. ಅವರನ್ನು ನೆನೆಯುವ ಕೆಲಸ ಓದುಗರಾದ ನಮ್ಮದು.